ಮೊದಲ ಮೂರು

ಬಿಸಿ ಎಣ್ಣೆ, ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಬಟ್ಟೆ, ಬೆಳಗಿನ ಒದ್ದೆ ಹುಲ್ಲು. ಈ ಮೂರೂ ಸೇರಿದ ವಾಸನೆ ಎಂದರೆ ಅವಳಿಗೆ ಅಪ್ಪ. ಈಗ ಅವಳ ಆಫೀಸಿನವರು ತಯಾರಿಸುತ್ತಿದ್ದ ಕಂಪ್ಯೂಟರ್ ಆಟದಲ್ಲಿ, ಎದುರಿನ ಪರದೆಯ ಮೇಲೆ, ಅಪ್ಪನ ಅದೇ ಯುದ್ಧವಿಮಾನ ನಿಂತಿತ್ತು. ಮೂತಿಯ ಪಂಖ, ಹೊಗೆಕೊಳವೆಯ ಸುತ್ತ ಹಿಡಿದ ಮಸಿ, ರೆಕ್ಕೆಯ ಮೇಲೆ ಹತ್ತಿ ಹತ್ತಿ ಸವೆದ ಬಣ್ಣ, ಯಾವುದನ್ನೂ ತಂಡದವರು ಬಿಟ್ಟಿರಲಿಲ್ಲ. ವಾಸನೆಯೊಂದು ಮಾತ್ರ ಇರಲಿಲ್ಲ.

ಅಪ್ಪ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಐದನೆಯ ದಿನವೇ ಅವಳು ಕೆಲಸಕ್ಕೆ ಬಂದಿದ್ದಳು. ಅಳು ಬಂದಿರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಹಳೆಯ ಯುದ್ಧವಿಮಾನಗಳನ್ನು ಕಾಪಾಡಿಟ್ಟಿದ್ದ ಶೆಡ್ಡೊಂದರಲ್ಲಿ ಅಪ್ಪ ಮೆಕ್ಯಾನಿಕ್ ಆಗಿದ್ದರು. ರಾತ್ರಿಯೆಲ್ಲ ನಿಂತ ಇಂಜಿನ್ನಿನ ತಳಕ್ಕೆ ಎಣ್ಣೆ ಇಳಿದಿರುತ್ತದೆ. ಪಂಖದ ಅಲಗುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದೆಳೆದು ತಿರುಗಿಸಿ ಆ ಎಣ್ಣೆಯನ್ನು ಹೊರಹಾಕದೆ ಸ್ಟಾರ್ಟ್ ಮಾಡಿದರೆ ಇಂಜಿನ್ ಒಳಗೇ ಮುರಿಯುತ್ತದೆ. ಭಾನುವಾರಗಳಲ್ಲಿ ಅಪ್ಪ ಎಳೆಯುತ್ತಿದ್ದರು, ಅವಳು ಹುಲ್ಲಿನ ಮೇಲೆ ನಿಂತು ಎಣಿಸುತ್ತಿದ್ದಳು. ಒಂಬತ್ತು ಸಲ. ಆಟದೊಳಗೂ ಅವಳು ಅದನ್ನೇ ತಂದಿದ್ದಳು. ಆಡುವವರು ವಿಮಾನ ಹತ್ತುವ ಮೊದಲು ಒಂಬತ್ತು ಸಲ ಪಂಖ ಎಳೆಯಬೇಕು, ಆಮೇಲೆ ಇಂಜಿನ್ ಬಿಸಿಯಾಗುವವರೆಗೆ ಕಾಯಬೇಕು.

"ನಾಲ್ಕು ನಿಮಿಷ ಕಣೇ," ಎಂದಳು ತಂಡದ ಮುಖ್ಯಸ್ಥೆ, ಅವಳ ಮೇಜಿನ ಅಂಚಿಗೆ ಒರಗಿ. "ನೂರು ಜನಕ್ಕೆ ಆಡೋಕೆ ಕೊಟ್ವಿ. ಅರವತ್ತು ಜನ ನೆಲ ಬಿಟ್ಟು ಮೇಲೇಳಲೇ ಇಲ್ಲ. ಒಬ್ಬ ಏನು ಬರೆದಿದಾನೆ ಗೊತ್ತಾ? ಯುದ್ಧ ಮುಗಿದ ಮೇಲೆ ಹೇಳಿಕಳಿಸಿ, ಅಷ್ಟೊತ್ತಿಗೆ ಸ್ಟಾರ್ಟ್ ಆಗಿರುತ್ತೆ ಅಂತ."

"ನಿಜವಾದ ವಿಮಾನ ಹಾಗೇ ಇರೋದು."

"ನಿಜ ಇರಲಿ ಮಾರಾಯ್ತಿ, ಯಾರು ಬೇಡ ಅಂದ್ರು. ಆದ್ರೆ ಇದು ಆಟ. ಮೂರು ಗಂಟೆಗೆ ಹೊಸ ಪ್ರತಿ ಹೋಗಬೇಕು. ಅಷ್ಟರಲ್ಲಿ ನೀನೇ ತೆಗೆದ್ರೆ ಒಳ್ಳೇದು. ನಾನು ತೆಗೆಯೋ ಹಾಗೆ ಮಾಡಬೇಡ." ಹೋಗುವಾಗ ಅವಳ ಭುಜವನ್ನೊಮ್ಮೆ ಮುಟ್ಟಿ ಹೋದಳು.

ಪಕ್ಕದ ಮೇಜಿನಲ್ಲಿ ಡ್ರೈವರಣ್ಣ ಊಟದ ಡಬ್ಬಿಯ ಜೊತೆ ಗುದ್ದಾಡುತ್ತಿದ್ದ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ, ಸೊಂಟ ಕೈಕೊಟ್ಟ ಮೇಲೆ ಈ ಆಫೀಸು ಸೇರಿದವನು. ದಿನವಿಡೀ ಆಟ ಆಡಿ ತಪ್ಪು ಹುಡುಕುವುದೇ ಅವನ ಕೆಲಸ. ಡಬ್ಬಿಯ ಮುಚ್ಚಳ ನೆಗ್ಗಿತ್ತು. ದಿನವೂ ಅದನ್ನು ಮೇಜಿನ ಅಂಚಿಗೆ ನಾಲ್ಕು ಸಲ ಕುಟ್ಟಿ, ತೊಡೆಗಳ ನಡುವೆ ಒತ್ತಿ ಹಿಡಿದು ತೆಗೆಯುತ್ತಿದ್ದ. ಬಸ್ಸಿನ ಗೇರು ಇದಕ್ಕಿಂತ ಹಗುರ ಇತ್ತು ಎನ್ನುವುದು ಅವನ ದಿನದ ತಮಾಷೆ.

ಇವತ್ತು ಅವನು ತಮಾಷೆ ಮಾಡಲಿಲ್ಲ. "ನೋಡಮ್ಮ, ಹೇಳಬೇಕೋ ಬೇಡವೋ ಅಂತ ಎರಡು ದಿನದಿಂದ ಯೋಚನೆ ಮಾಡ್ತಿದ್ದೆ. ಆ ವಿಮಾನದ ಹಳೇ ಕೈಪಿಡಿ ಓದಿದೆ. ಒಂಬತ್ತಲ್ಲ. ಹನ್ನೆರಡು ಅಂತಿದೆ."

"ಅಪ್ಪ ಒಂಬತ್ತೇ ಮಾಡ್ತಿದ್ದಿದ್ದು. ನಾನೇ ಎಣಿಸ್ತಿದ್ದೆ."

"ಹಂಗಾದ್ರೆ ಸರಿ ಬಿಡು," ಎಂದ. ಆದರೆ ಕೈಪಿಡಿಯ ಆ ಪುಟವನ್ನು ಅವಳ ಪರದೆಗೆ ಕಳಿಸಿದ.

ಅವಳು ಓದಿದಳು. ಹನ್ನೆರಡಕ್ಕೆ ಕಡಿಮೆ ಇಲ್ಲದಂತೆ, ಎಂದು ಸ್ಪಷ್ಟವಾಗಿ ಇತ್ತು. ಅಪ್ಪ ಬಿಗಿದ ತಿರುಪನ್ನೇ ಇನ್ನೊಮ್ಮೆ ಮುಟ್ಟಿ ನೋಡುವ ಜಾತಿ. ಮನೆಯ ಗ್ಯಾಸು ಆರಿಸಿದ್ದೇನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬಂದವರು. ಅಂಥವರು ಮೂರನ್ನು ಬಿಟ್ಟುಬಿಡುತ್ತಿದ್ದರೇ? ಇಪ್ಪತ್ತು ದಿನಗಳಲ್ಲಿ ಮೊದಲ ಸಲ ಅವಳಿಗೆ ಏನೋ ಚುಚ್ಚಿತು. ಅಮ್ಮನಿಗೆ ಫೋನ್ ಮಾಡಿದಳು.

"ಒಂಬತ್ತಾ?" ಎಂದರು ಅಮ್ಮ. "ಅಯ್ಯೋ, ಮೂರು ಮೊದಲೇ ಎಳೆದುಬಿಡ್ತಿದ್ರು ಕಣೆ. ನಾನು ಶೆಡ್ಡಿನೊಳಗೆ ನಿನಗೆ ಬೂಟು ಹಾಕಿ ಹುಲ್ಲಿಗೆ ಕರ್ಕೊಂಡು ಬರೋ ಅಷ್ಟರಲ್ಲಿ. ನಿನಗಾಗ ನಾಲ್ಕು ವರ್ಷ. ಒಂಬತ್ತರ ಮೇಲೆ ಎಣಿಸೋಕೆ ಬರ್ತಿರಲಿಲ್ಲ. ಮಧ್ಯದಲ್ಲಿ ತಡವರಿಸಿದ್ರೆ ಶೆಡ್ಡು ಹಾರಿಹೋಗೋ ಹಾಗೆ ಅಳ್ತಿದ್ದೆ."

"ಆಮೇಲೆ ಬಂತಲ್ಲಮ್ಮ. ಸ್ಕೂಲಿಗೆ ಹೋದ ಮೇಲೆ."

"ಬಂತು. ಅಷ್ಟೊತ್ತಿಗೆ ಅವರಿಗೆ ಅದೇ ಅಭ್ಯಾಸ ಆಗೋಗಿತ್ತು. ನೀನು ಬೂಟು ಹಾಕ್ಕೊಂಡು ಹೊರಗೆ ಬಂದೆ ಅಂದ್ರೆ ಮೂರು ಮುಗಿದಿರೋದು." ಆಚೆ ಯಾವುದೋ ಪಾತ್ರೆ ಕೆಳಗಿಟ್ಟ ಸದ್ದು. "ಊಟ ಆಯ್ತಾ?"

"ಆಯ್ತು," ಎಂದಳು ಅವಳು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಫೋನ್ ಇಟ್ಟು ಪರದೆಯತ್ತ ತಿರುಗಿದಳು. ಆಟದ ವಿಮಾನದ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅಲಂಕಾರಕ್ಕೆಂದು ಮಾಡಿಟ್ಟ ಗೊಂಬೆ. ಸದಾ ಕೈಕಟ್ಟಿ ನಿಂತಿರುತ್ತಿದ್ದ. ಅವಳು ಒಂಬತ್ತನ್ನು ಅಳಿಸಿದಳು. ಆಡುವವರ ಕೈಯಿಂದ ಪಂಖವನ್ನು ಬಿಡಿಸಿ ಅವನ ಕೈಗೆ ಕೊಟ್ಟಳು. ಆಟ ಶುರುವಾಗುವ ಮೊದಲು, ಪರದೆ ಇನ್ನೂ ಕಪ್ಪಾಗಿರುವಾಗಲೇ ಅವನು ಹನ್ನೆರಡನ್ನೂ ಎಳೆದು ಮುಗಿಸಬೇಕು, ಇಂಜಿನ್ನನ್ನು ಬಿಸಿ ಮಾಡಿಡಬೇಕು. ಬೆಳಕು ಬರುವ ಹೊತ್ತಿಗೆ ಪಕ್ಕಕ್ಕೆ ಸರಿದು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿರಬೇಕು, ಅಷ್ಟೇ. ಅವನ ಕೈ ಒರೆಸುವ ರೀತಿಗೇ ಅರ್ಧ ಗಂಟೆ ಹಿಡಿಯಿತು. ಮೊದಲು ಅಂಗೈ, ಆಮೇಲೆ ಒಂದೊಂದೇ ಬೆರಳು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಡ್ರೈವರಣ್ಣ ಆಡಿ ನೋಡಿದ. ಹತ್ತಿದ, ಒಂದು ಗುಂಡಿ ಒತ್ತಿದ, ವಿಮಾನ ಓಡಿತು. ಎರಡನೆಯ ಸಲ ಅವನು ಹತ್ತಲಿಲ್ಲ. ನೆಲದಲ್ಲೇ ನಿಂತು ಮೆಕ್ಯಾನಿಕ್‌ನನ್ನು ನೋಡಿದ.

"ಇವನು ಮಾಡಿದ ಕೆಲಸ ಆಡೋರಿಗೆ ಕಾಣೋದೇ ಇಲ್ವಲ್ಲಮ್ಮ."

"ಇಲ್ಲ."

"ಹೂಂ," ಎಂದ. ಸರಿ ಇದೆ ಎಂದು ಬರೆದು ಕಳಿಸಿದ.

ದೂರದಿಂದ ಮುಖ್ಯಸ್ಥೆ ಹೆಬ್ಬೆರಳೆತ್ತಿ ತೋರಿಸಿದಳು. ಅವಳು ತಲೆಯಾಡಿಸಿ ಪರದೆಯತ್ತ ತಿರುಗಿದಳು. ಹುಲ್ಲಿನ ಮೇಲೆ ಆ ಮನುಷ್ಯ ಕೈ ಒರೆಸಿಕೊಳ್ಳುತ್ತಲೇ ಇದ್ದ. ಅವಳು ಅದನ್ನು ನಿಲ್ಲಿಸಲಿಲ್ಲ.

ಮೊಣಕೈಯ ಬಳಿ ಏನೋ ತಗುಲಿತು. ಡ್ರೈವರಣ್ಣನ ಡಬ್ಬಿ. ಅವನು ಆಗಲೇ ತನ್ನ ಕುರ್ಚಿಗೆ ಹೋಗಿ, ಬೆನ್ನು ತಿರುಗಿಸಿ ಕೂತಿದ್ದ. ಒಳಗೆ ಒಂದು ಬದಿಯ ಊಟವನ್ನು ಅವನು ಮುಟ್ಟಿರಲಿಲ್ಲ. ಚಮಚವನ್ನು ತೊಳೆದು ಇಟ್ಟಿದ್ದ. ನೆಗ್ಗಿದ ಮುಚ್ಚಳ ಡಬ್ಬಿಯ ಮೇಲೆ ಓರೆಯಾಗಿ, ಸಡಿಲವಾಗಿ ಕೂತಿತ್ತು.