ತೂಬಿನೊಳಗೆ ಇಳಿದ ಕ್ಯಾಮೆರಾ

ನಾನು ಒಂದು ಕ್ಯಾಮೆರಾ. ಅಂಗಿಯ ಜೇಬಿನಲ್ಲಿ ಹೇಗೋ ಹಿಡಿಸುವಷ್ಟು ಗಾತ್ರ. ಕಡಲಾಚೆಯ ಒಂದು ಕಾರ್ಖಾನೆಯಲ್ಲಿ, ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ಉಸಿರು ಬಿಗಿಹಿಡಿದು ನನ್ನ ಮೂತಿಯೊಳಗೆ ಒಂದರ ಹಿಂದೊಂದು ಗಾಜುಗಳನ್ನು ಕೂರಿಸಿದಳು. ಆ ಗಾಜುಗಳೇ ನನ್ನ ಆಸ್ತಿ. ಎರಡು ಬೆರಳಿನಷ್ಟು ಹತ್ತಿರ ಹೋದರೂ ನನ್ನ ನೋಟ ಮಸುಕಾಗದು. ನೆತ್ತಿಯ ಮೇಲಿನ ಚಕ್ರ ತಿರುಗಿಸಿ ಬೆಳಕನ್ನೂ ವೇಗವನ್ನೂ ದೊಡ್ಡ ಕ್ಯಾಮೆರಾಗಳಂತೆಯೇ ಹೊಂದಿಸಬಹುದು. ಬೆನ್ನಿನ ಪರದೆ ಮೇಲಕ್ಕೆ ಬಾಗುತ್ತದೆ.

ಕೊರತೆಗಳೂ ಅಲ್ಲೇ ಹುಟ್ಟಿದವು. ಚಿತ್ರ ಮೂಡುವ ನನ್ನ ಒಳಫಲಕ ಕಿರುಬೆರಳಿನ ಉಗುರಿನಷ್ಟು. ಮಬ್ಬಿನಲ್ಲಿ ಅವಸರ ಮಾಡಿದರೆ ಚಿತ್ರದ ತುಂಬ ರವೆ ಚೆಲ್ಲಿದಂತಾಗುತ್ತದೆ. ದೂರದ್ದು ಕೈಗೆಟುಕದು, ಲೆನ್ಸ್ ಬದಲಿಸಲು ಬಾರದು. ಬ್ಯಾಟರಿಯೋ, ಬೆಂಕಿಪೆಟ್ಟಿಗೆಗಿಂತ ಚಿಕ್ಕದು.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಹಲ್ಲಿನ ವೈದ್ಯ ಶ್ರೀನಿವಾಸ ಗಲಗಲಿ. ಅವರಿಗೆ ಹಕ್ಕಿಗಳ ಹುಚ್ಚು. ಮೊದಲ ಭಾನುವಾರವೇ ಕೆರೆಯ ದಂಡೆಗೆ ಒಯ್ದರು. ಆಚೆ ದಡದ ಕೊಕ್ಕರೆಯತ್ತ ನನ್ನನ್ನು ಹಿಡಿದರು. ಚಿತ್ರ ನೋಡಿ ನಕ್ಕುಬಿಟ್ಟರು: "ಇದು ಕೊಕ್ಕರಿ ಅಲ್ಲಪಾ, ಸಾಸಿವಿ ಕಾಳು!"

ಆದರೂ ಅವರು ನನ್ನನ್ನು ಮೂಲೆಗೆ ಎಸೆಯಲಿಲ್ಲ. ದವಾಖಾನೆಗೆ ಒಯ್ದರು. ಕೆರೆಯಲ್ಲಿ ಸೋತ ನಾನು ಬಾಯಿಯೊಳಗೆ ಗೆದ್ದೆ. ಹಲ್ಲಿನ ಕೂದಲೆಳೆಯಷ್ಟು ಬಿರುಕನ್ನೂ ಹಿಡಿದು ತೋರಿಸಿದೆ. ಮೂರು ವರ್ಷ ಹುಬ್ಬಳ್ಳಿಯ ದವಡೆಗಳನ್ನು ನೋಡುತ್ತಲೇ ಕಳೆದೆ.

ಒಂದು ದಿನ ಹಾನಗಲ್ ಕಡೆಯ ಹೈಸ್ಕೂಲಿನ ಟೀಚರು ಅನಸೂಯಾ ಹೊಂಬಳ ಹಲ್ಲುನೋವೆಂದು ಬಂದರು. ಹಳೆಯ ಶಾಸನಗಳನ್ನು ಓದುವುದನ್ನು ತಾವಾಗಿಯೇ ಕಲಿತವರು. ಕಂಪ್ಯೂಟರಿನಲ್ಲಿ ತಮ್ಮದೇ ಹಲ್ಲಿನ ಚಿತ್ರ ಕಂಡು ನೋವನ್ನೇ ಮರೆತರು.

"ಡಾಕ್ಟರ್ರೇ, ಹಲ್ಲಿನ ಗೀರು ಇಷ್ಟು ಸ್ವಚ್ಛ ಕಾಣ್ತೈತಿ ಅಂದ್ರ, ಕಲ್ಲಿನ ಅಕ್ಷರಾನೂ ಕಾಣಬೇಕಲ್ರೀ?"

ಗಲಗಲಿಯವರು ನನ್ನನ್ನು ಕೈಗೆತ್ತಿಕೊಂಡರು. ಅವರ ಮೇಜಿನ ಮೇಲೆ ಆಗಲೇ ಉದ್ದ ಮೂತಿಯ ಹೊಸ ಕ್ಯಾಮೆರಾ ಬಂದು ಕುಳಿತಿತ್ತು. ನನ್ನನ್ನು ಒರೆಸಿ ಟೀಚರ ಕೈಗಿಟ್ಟರು. "ಒಯ್ರಿ. ಇದಕ್ಕ ನನಗಿಂತ ನೀವಽ ಸರಿ."

ಆ ಮೇ ತಿಂಗಳಲ್ಲಿ ಒಂದು ದಿನ ಪಕ್ಕದ ಹಳ್ಳಿಯ ಕೆರೆಯ ಹೂಳು ತೆಗೆಯುತ್ತಿದ್ದರು. ನೀರು ಹೊಲಕ್ಕೆ ಬಿಡುವ ಹಳೆಯ ಕಲ್ಲಿನ ತೂಬನ್ನು ಮರುದಿನ ಬೆಳಿಗ್ಗೆ ಒಡೆದು ಸಿಮೆಂಟಿನದು ಕಟ್ಟುವವರಿದ್ದರು. ಮಣ್ಣು ಸರಿಸುತ್ತಿದ್ದ ಯಂತ್ರದ ಚಾಲಕ ದುರ್ಗಪ್ಪನಿಗೆ ತೂಬಿನ ಒಳಗೋಡೆಯಲ್ಲಿ ಅಕ್ಷರಗಳು ಕಂಡವು. ಅವನೇ ಟೀಚರಿಗೆ ಫೋನು ಮಾಡಿದ.

ನಾವು ಹೋದಾಗ ಮಧ್ಯಾಹ್ನ. ಪತ್ರಿಕೆಯ ಛಾಯಾಗ್ರಾಹಕರೊಬ್ಬರು ಆಗಲೇ ಬಂದು ಕೈಚೆಲ್ಲಿ ನಿಂತಿದ್ದರು. ತೂಬಿನ ಬಾಯಿ ಒಂದು ಗೇಣು ಅಗಲ. ಅವರ ದೊಡ್ಡ ಕ್ಯಾಮೆರಾ ಅದರೊಳಗೆ ತೂರಲಿಲ್ಲ. ಟೀಚರು ಸೀರೆಯ ಸೆರಗು ಕಟ್ಟಿ ಕೆಸರಿನಲ್ಲಿ ಬೋರಲು ಮಲಗಿದರು. ನನ್ನನ್ನು ಹಿಡಿದ ಕೈಯನ್ನು ಹೆಗಲವರೆಗೂ ಒಳಗಿಳಿಸಿದರು. ಮೇಲಕ್ಕೆ ಬಾಗಿದ ನನ್ನ ಪರದೆಯನ್ನು ನೋಡುತ್ತ, "ಅಕ್ಷರ ಅದಾವ, ಅದಾವ!" ಎಂದು ಕೂಗಿದರು.

ಆದರೆ ಮೊದಲ ಚಿತ್ರದಲ್ಲಿ ಅಕ್ಷರಕ್ಕಿಂತ ರವೆಯೇ ಹೆಚ್ಚು. ಟೀಚರು ಬೇಸರಿಸಲಿಲ್ಲ. ಒಳಗೊಂದು ಇಟ್ಟಿಗೆ ಇಟ್ಟು ಅದರ ಮೇಲೆ ನನ್ನನ್ನು ಕೂರಿಸಿದರು. ನಿಧಾನವಾಗಿ, ಅಲುಗದೆ, ಎರಡು ಸೆಕೆಂಡು ನೋಡುವಂತೆ ಹೊಂದಿಸಿದರು. ದುರ್ಗಪ್ಪ ತನ್ನ ಹಳೆಯ ಗುಂಡಿ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದ. ಗೀರುಗಳಿಗೆ ನೆರಳು ಬಿತ್ತು, ಅಕ್ಷರಗಳು ಎದ್ದು ನಿಂತವು. ಅಷ್ಟು ಚಂದದ ನೋಟ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆರು ಸಾಲುಗಳ ಶಾಸನ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ನನ್ನ ಬ್ಯಾಟರಿಯ ಕೆಂಪು ಗುರುತು ಮಿನುಗಿತು. ಬೇರೆ ಬ್ಯಾಟರಿ ಇರಲಿಲ್ಲ. ಟೀಚರು ಪರದೆ ಆರಿಸಿ, ಕೈಯ ಅಂದಾಜಿನಲ್ಲೇ ನನ್ನನ್ನು ಮುಂದೆ ಸರಿಸಿದರು. ಐದು ಆಯಿತು. ಆರನೆಯದೂ ಆಯಿತು. ಆಮೇಲೆ ಚಾಚಿದ ಲೆನ್ಸನ್ನು ಒಳಗೆಳೆದುಕೊಳ್ಳಲೂ ನನಗೆ ತ್ರಾಣ ಉಳಿಯಲಿಲ್ಲ. ಹೊರಗೆ ತೆಗೆಯುವಾಗ ಗೋಡೆಗೆ ಒಣಗಿ ಅಂಟಿದ್ದ ಹೂಳಿನ ಪುಡಿ ಮೂತಿಯೊಳಗೆ ಇಳಿಯಿತು.

ಸಂಜೆಯೊಳಗೆ ಟೀಚರು ಶಾಸನ ಓದಿದರು. ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಹೇಳಿದರು: ಎಂಟುನೂರು ವರ್ಷದ ಹಿಂದೆ ಈ ಕೆರೆಯನ್ನು ಕಟ್ಟಿಸಿದವಳು ಮಾಕಬ್ಬೆ ಎಂಬ ಹೆಂಗಸು.

ಕೆರೆ ಸಂಘದ ಅಧ್ಯಕ್ಷೆ ಫಕೀರವ್ವ ಮುಂದೆ ಬಂದಳು. "ಹೆಣ್ಮಗಳು ಕಟ್ಟಿಸಿದ್ದಾ? ಇಷ್ಟು ದಿನಾ ಯಾರೂ ಹೇಳಲಿಲ್ಲಲ್ಲವಾ!" ಎಂದವಳೇ ಯಂತ್ರದ ಮುಂದೆ ಹೋಗಿ ನಿಂತಳು. "ಸಾಹೇಬ್ರ, ಆ ಕಲ್ಲು ಒಡ್ಯಾಕ ಬಿಡಂಗಿಲ್ಲ."

ಕೆಲಸದ ಉಸ್ತುವಾರಿಗೆ ಬಂದಿದ್ದ ಇಂಜಿನಿಯರು ನಾನು ತೆಗೆದ ಚಿತ್ರವನ್ನು ಎರಡು ಸಲ ನೋಡಿದರು. "ಆತವ್ವಾ. ಒಡಿಯೂದು ಬ್ಯಾಡ, ಎತ್ತಿಸೋಣ," ಎಂದರು.

ದುರ್ಗಪ್ಪ ಕಲ್ಲಿಗೆ ಗೋಣಿಚೀಲ ಸುತ್ತಿ, ಸರಪಳಿ ಬಿಗಿದು, ಹಸುಗೂಸನ್ನು ಎತ್ತುವಂತೆ ಎತ್ತಿದ. ಆದರೂ ನೀರಿನಲ್ಲಿ ನೆನೆದು ಸಡಿಲವಾಗಿದ್ದ ಒಂದು ಪದರ ಕಳಚಿ, ಕೆಳಗೆ ಬಿದ್ದು ಪುಡಿಯಾಯಿತು. ಐದು ಸಾಲು ಉಳಿದವು. ಹೋದದ್ದು ಹೆಸರಿದ್ದ ಸಾಲು. ದುರ್ಗಪ್ಪ ಯಂತ್ರದಿಂದ ಇಳಿದು ಬಂದು, ಆ ಪುಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಟೀಚರು ಅವನ ಪಕ್ಕದಲ್ಲಿ ಕುಳಿತರು. "ಅಳಬ್ಯಾಡೋ ತಮ್ಮಾ. ಹೆಸರು ಇದರಾಗ ಐತಿ," ಎಂದು ನನ್ನನ್ನು ಅವನ ಅಂಗೈಯಲ್ಲಿಟ್ಟರು.

ಈಗ ಆ ಕಲ್ಲು ಕೆರೆಯ ಏರಿಯ ಮೇಲೆ ನಿಂತಿದೆ. ಪಂಚಾಯಿತಿ ಕಚೇರಿಯಲ್ಲಿ ನಾನು ತೆಗೆದ ಚಿತ್ರ ಗಾಜಿನ ಚೌಕಟ್ಟಿನಲ್ಲಿದೆ. ಮಾಕಬ್ಬೆಯ ಹೆಸರು ಇರುವುದು ಅಲ್ಲಿ ಮಾತ್ರ.

ನಾನು ಶಾಲೆಯ ಕಪಾಟಿನಲ್ಲಿದ್ದೇನೆ. ಒಳಗಿಳಿದ ಧೂಳು ಹೊರಗೆ ಬರಲಿಲ್ಲ. ನನ್ನಂಥವುಗಳ ಬಿಡಿಭಾಗ ಈಗ ಸಿಗುವುದಿಲ್ಲವಂತೆ. ಆಕಾಶದ ಚಿತ್ರ ತೆಗೆದರೆ ನಡುವೆ ಒಂದು ಬೂದು ಚುಕ್ಕೆ ನಿಲ್ಲುತ್ತದೆ. ಟೀಚರ ಹೊಸ ಫೋನು ಮಬ್ಬಿನಲ್ಲಿ ನನಗಿಂತ ಚೆನ್ನಾಗಿ ನೋಡುತ್ತದೆ. ಒಪ್ಪಿಕೊಳ್ಳುತ್ತೇನೆ, ಹೊಟ್ಟೆಕಿಚ್ಚಿಲ್ಲ.

ಹೋದ ವಾರ ಫಕೀರವ್ವ ಶಾಲೆಗೆ ಬಂದಿದ್ದಳು. ಕಪಾಟಿನತ್ತ ಬೆರಳು ಮಾಡಿ ಕೇಳಿದಳು: "ಟೀಚರವ್ವಾ, ಅದು ಈಗೂ ಫೋಟೋ ತೆಗಿತೈತೇನು?"

"ತೆಗಿತೈತಿ ಫಕೀರವ್ವಾ. ಆಕಾಶ ಒಂದು ಬಿಟ್ಟು."

"ನನಗ್ಯಾಕವ್ವಾ ಆಕಾಶ! ನಾ ಹೆಸರು ಬರಿಯಾಕ ಕಲ್ತೀನಿ. ಅದನ್ನ ತೆಗಿ."

ಅವಳು ಸೆರಗಿನ ಮರೆಯಿಂದ ಒಂದು ಪಾಟಿ ತೆಗೆದು, ಮೇಜಿನ ಮೇಲಿಟ್ಟು, ಬಳಪ ಒತ್ತಿ ಒತ್ತಿ ಬರೆದಳು. ಟೀಚರು ನನ್ನನ್ನು ಹತ್ತಿರ ತಂದರು, ಇನ್ನೂ ಹತ್ತಿರ, ಎರಡು ಬೆರಳಿನಷ್ಟು. ಬಳಪದ ಪುಡಿಯ ಒಂದೊಂದು ಕಣವೂ ನನಗೆ ಕಂಡಿತು.