ಹನ್ನೊಂದನೆಯ ಮಗ್ಗದ ಕೆಂಪು ಅರಿವೆ

ಗೋಡೆಯಲ್ಲಿ ತೂತು ಇನ್ನೂ ಇದೆ, ಇರದೆ ಎಲ್ಲಿಗೆ ಹೋಗುತ್ತದೆ, ನಿನ್ನೆಯಷ್ಟೇ ಆದದ್ದು, ಸುಣ್ಣ ಉದುರಿ ಒಳಗಿನ ಕೆಂಪು ಮಣ್ಣು ಕಾಣುತ್ತಿದೆ, ಹಲ್ಲು ಕಿತ್ತ ಒಸಡಿನ ಹಾಗೆ — ಬಾಳಗೊಂಡ ನೋಡಬಾರದು ಎಂದುಕೊಂಡೇ ನೋಡಿದ, ಹೆಬ್ಬೆರಳು ತೂರಿಸಿಯೂ ನೋಡಿದ, ಒಳಗೆ ತಂಪಾಗಿತ್ತು. ಅದಕ್ಕೆ ಸರಿಯಾಗಿ ನೂಲು ಸುತ್ತುವ ತಾರವ್ವನ ತಲೆ ಇರುತ್ತದೆ, ಅವಳಿನ್ನೂ ಬಂದಿಲ್ಲ, ಈಗ ಬರೀ ಅವಳ ರಾಟೆ, ನೂಲು ಸುತ್ತಿದ ಕಾಂಡಿಗಳ ಬುಟ್ಟಿ, ಕೂಡುವ ತಟ್ಟು. ಕೆಲಸದ ಭೋಂಗಾ ಕೂಗಲು ಇನ್ನೂ ಹೊತ್ತಿದೆ, ಎಂಜಿನ್ ತಣ್ಣಗಿದೆ, ಇಪ್ಪತ್ತನಾಲ್ಕು ಮಗ್ಗಗಳೂ ಸುಮ್ಮನಿವೆ, ಇಚಲಕರಂಜಿಯಲ್ಲಿ ಇಷ್ಟು ಮೌನ ಸಿಕ್ಕುವುದು ಮುಂಜಾನೆಯ ಈ ಹೊತ್ತಿನಲ್ಲೇ, ಈ ಇಪ್ಪತ್ತನಾಲ್ಕಕ್ಕೂ ಜಾಬರ ತಾನು, ಮಗ್ಗ ಕೆಟ್ಟರೂ ತನ್ನ ತಲೆಗೆ, ಮಗ್ಗದವನು ಕೆಟ್ಟರೂ ತನ್ನ ತಲೆಗೆ. ಕಿಸೆಯಲ್ಲಿ ಕೆಂಪು ಅರಿವೆ ಬೆಚ್ಚಗಿದೆ, ಹೆಂಡತಿಯ ಹಳೇ ಸೀರೆಯ ಸೆರಗು, ತಾನೇ ಹರಿದದ್ದು, ಯಾವ ಬಣ್ಣ ಇದ್ದರೂ ನಡೆಯುತ್ತಿತ್ತು, ಕೈಗೆ ಸಿಕ್ಕದ್ದು ಕೆಂಪು. ನಿನ್ನೆ ಎಲ್ಲರಿಗಿಂತ ಕಡಿಮೆ ನೇಯ್ದವನ ಮಗ್ಗಕ್ಕೆ ಇವತ್ತು ಕೆಂಪು ಕಟ್ಟಬೇಕು, ಊರು ನೋಡಲಿ — ಸಾಹೇಬರ ಹುಕುಂ. ನಿನ್ನೆ ಕಡಿಮೆ ನೇಯ್ದವನು ಲಗಮಣ್ಣ. ಮೊನ್ನೆಯೂ ಲಗಮಣ್ಣ. ಹನ್ನೊಂದನೆಯ ಮಗ್ಗ, ತಾರವ್ವನ ಗಂಡ.

ಮಾಲೀಕ ಬಾಪೂಸಾಹೇಬರು ಮುಂಬೈಯ ಗಿರಣಿಗಳನ್ನು ನೋಡಿಬಂದ ದಿನ ಬಾಗಿಲಲ್ಲೇ ನಿಲ್ಲಿಸಿಕೊಂಡು ಹೇಳಿದ್ದು, ಚಹಾದ ಬಸಿ ಕೈಯಲ್ಲಿ, ಮೀಸೆಗೆ ಚಹಾ, ಬಡದು ಕೆಲಸ ತಗೊಳ್ಳೋದು ಹಳೇ ಪದ್ಧತಿ ಬಾಳಗೊಂಡ, ಬಡದ್ರ ನೀ ನೋಡೂಮಟ ದುಡೀತಾನ, ಬೆನ್ನ ತಿರುವಿದಿ ಅಂದ್ರ ಬೀಡಿ ಹಚ್ಚತಾನ, ಪಗಾರ ಹೆಚ್ಚ ಮಾಡಿದ್ರ ಒಂದ ತಿಂಗಳ ದುಡೀತಾನ, ಮುಂದ ಅದೂ ರೂಢಿ ಆಗ್ತೈತಿ, ಆದ್ರ ನಾಕ ಮಂದ್ಯಾಗ ಮಾನ ಅಂತ ಒಂದ ಐತೆಲ್ಲ, ಅದಕ್ಕ ಕೈ ಹಚ್ಚಿದ್ರ ಅಂವಾ ತನ್ನ ತಾನ ಬಡಕೋತಾನ, ನಮ್ಮ ಕೈಗೆ ನೋವಿಲ್ಲ, ಕಾಯ್ ಸಮಜಲಂ? ಹೌದ್ರಿ, ಸಮಜಲಂ. ಏನು ತಿಳಿದಿತ್ತು, ಮಣ್ಣು. ಆಗ ಖುಷಿಯೇ ಆಗಿತ್ತು ಬಿಡು, ಹಿಂದಿನ ಜಾಬರ ಬಸಗೊಂಡನ ಬೆತ್ತ ತನ್ನ ಕೈ ಮೇಲೂ ಬಿದ್ದದ್ದುಂಟು, ಹೊಸದಾಗಿ ಸೇರಿದಾಗ, ಆ ಬೆತ್ತ ತನ್ನ ಕೈಗೆ ಬರಲಿಲ್ಲವಲ್ಲ ಎಂಬ ಖುಷಿ. ಆದರೆ ಬೆತ್ತ ಎಲ್ಲಿಂದ ಬರುತ್ತದೆ ಕಾಣುತ್ತಿತ್ತು, ಅಂಗೈ ಹಿಂದಕ್ಕೆ ಎಳೆಯಬಹುದಿತ್ತು, ಬಸಗೊಂಡ ಸಂಜೆಗೆ ತಾನೇ ಬೀಡಿ ಕೊಟ್ಟು ಏನಲೇ ಜೋರ ಬಡೀತೇನ ಎಂದು ಕೇಳುತ್ತಿದ್ದ. ಅರಿವೆ ಏನನ್ನೂ ಕೇಳುವುದಿಲ್ಲ.

ಮತ್ತೆ ಆ ತಾರವ್ವ, ಆಹಾ, ಅರಿವೆ ಕಟ್ಟಿದ ಮೊದಲ ದಿನ ಅವಳ ಮುಖ. ಗಡಹಿಂಗ್ಲಜದ ಆಚೆಯ ಕುರಿಯವರ ಮನೆಯ ಹೆಣ್ಣು, ಯುದ್ಧ ಶುರುವಾಗಿ ಬಟ್ಟೆಗೆ ಬೇಡಿಕೆ ಬಂದ ಮೇಲೆ ಗಂಡನ ಜೊತೆ ಇಲ್ಲಿಗೆ ಬಂದವಳು, ಅವರ ಕಡೆ ಟಗರಿನ ಕಾಳಗದಲ್ಲಿ ಗೆದ್ದ ಟಗರಿನ ಕೊಂಬಿಗೆ ಕೆಂಪು ಅರಿವೆ ಸುತ್ತುತ್ತಾರಂತೆ — ನಮ್ಮ ಮಗ್ಗಕ್ಕ ಕಟ್ಟೀರಲ್ಲ ಜಾಬರಣ್ಣಾ, ನಮ್ಮಂವಗ ಬಂತಲ್ಲ ಅರಿವಿ, ಎಂದು ಮಗ್ಗದ ನೆತ್ತಿಗೆ ಕುಂಕುಮ ಹಚ್ಚಿದಳು, ಅರಿಸಿನದ ಭಂಡಾರ ಹಾರಿಸಿದಳು, ಸೆರಗಿನ ಗಂಟು ಬಿಚ್ಚಿ ಶೆಡ್ಡಿನ ಎಲ್ಲರಿಗೂ ಬೆಲ್ಲ ಹಂಚಿದಳು. ಎಲ್ಲರೂ ತಿಂದರು. ಲಗಮಣ್ಣ ನೆಲ ನೋಡುತ್ತಾ ನಿಂತಿದ್ದ. ಯಾರೂ ಹೇಳಲಿಲ್ಲ, ತಾನೂ ಹೇಳಲಿಲ್ಲ, ತಾನೂ ತಿಂದ, ಎರಡು ಸಲ ಕೈ ಚಾಚಿದ, ಒಳ್ಳೇ ಬೆಲ್ಲ. ನಾಲ್ಕು ದಿನ ಅವಳು ರಾಣಿಯ ಹಾಗೆ ರಾಟೆ ತಿರುಗಿಸಿದಳು. ಐದನೆಯ ದಿನ ಬಾವಿಯ ಹತ್ತಿರ ಮಾಣಿಕಬಾಯಿ, ಪಕ್ಕದ ರಾಟೆಯವಳು, ನಾಲಿಗೆಗೆ ಎಲುಬಿಲ್ಲ, ನಿನ್ನ ಗಂಡ ಟಗರ ಅಲ್ಲಬೇ ತಂಗಿ, ಕುಂಟ ಕುರಿ, ಹಿಂದ ಉಳದಂವಗ ಕಟ್ಟೋ ಅರಿವಿ ಅದು, ಎಂದುಬಿಟ್ಟಳು. ತಾರವ್ವ ಬಂದು ಸೆರಗಿನ ತುದಿಯಿಂದ ಮಗ್ಗದ ಕುಂಕುಮ ಒರೆಸಿದಳು, ಒರೆಸಿದಳು, ಕಲೆ ಹೋಗಲಿಲ್ಲ, ಆಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತಳು. ಆ ಮಧ್ಯಾಹ್ನವೇ ಲಗಮಣ್ಣ ಸರಳು ಬಿಚ್ಚಿದ.

ಸರಳು ಎಂದರೆ ಏನು ಮಹಾ, ಮಗ್ಗದ ಅಡ್ಡಕ್ಕೆ ಕೂಡಿಸಿದ ಕಬ್ಬಿಣದ ಕಡ್ಡಿ, ಓಡುವ ಲಾಳಿ ಹೊರಗೆ ಹಾರದಂತೆ ತಡೆಯುವುದು ಅದೊಂದೇ, ಆದರೆ ಎಳೆ ಹರಿದಾಗಲೆಲ್ಲ ಅದರ ಕೆಳಗೆ ಬೆರಳು ತೂರಿಸಿ ಗಂಟು ಹಾಕಬೇಕು, ಹೊತ್ತು ಹಿಡಿಯುತ್ತದೆ, ಸರಳಿಲ್ಲದಿದ್ದರೆ ದಿನಕ್ಕೆ ಮೂರು ಗಜ ಬಟ್ಟೆ ಹೆಚ್ಚು. ಸರಳು ಬರುವ ಮೊದಲು ನೇಕಾರ ಕುಂಥುನಾಥನ ಬಲಗಣ್ಣು ಲಾಳಿ ಬಡಿದು ಹೋದದ್ದು ತನ್ನ ಎದುರಿಗೇ, ಈಗ ಬಸದಿಯ ಮೆಟ್ಟಿಲ ಮೇಲೆ ಕೂತಿರುತ್ತಾನೆ, ಸುಲಿದ ಬೆಳ್ಳುಳ್ಳಿಯಂಥ ಕಣ್ಣು. ಲಗಮಣ್ಣ ತೆಗೆದದ್ದು ನೋಡಿ ಪಕ್ಕದವನು ತೆಗೆದ, ಅವನನ್ನು ನೋಡಿ ಆಚೆಯವನು, ಈಗ ಒಂಬತ್ತು ಮಗ್ಗಕ್ಕೆ ಸರಳಿಲ್ಲ, ಎಲ್ಲರ ಬಟ್ಟೆಯೂ ಹೆಚ್ಚಿತು, ಲಗಮಣ್ಣ ಮತ್ತೆ ಹಿಂದೆಯೇ ಉಳಿದ — ಎಷ್ಟು ಓಡಿದರೂ ಇಪ್ಪತ್ತನಾಲ್ಕರಲ್ಲಿ ಒಬ್ಬ ಹಿಂದಿರಲೇಬೇಕಲ್ಲ, ಇಷ್ಟು ಓದಿದ ಸಾಹೇಬರಿಗೆ ಇದು ಹೊಳೆಯಲಿಲ್ಲವೆ, ಅಥವಾ ಹೊಳೆದೇ ಕಟ್ಟಿಸಿದರೆ. ನಿನ್ನೆ ಮಧ್ಯಾಹ್ನ ಒಂದು ಎಳೆ ಹರಿಯಿತು, ಲಗಮಣ್ಣ ಮಗ್ಗ ನಿಲ್ಲಿಸಲಿಲ್ಲ, ಲಾಳಿ ಹಾರಿತು, ತಾರವ್ವ ಅದೇ ಕ್ಷಣಕ್ಕೆ ಉರುಳಿದ ಕಾಂಡಿ ಹೆಕ್ಕಲು ಬಗ್ಗಿದ್ದಳು. ತಲೆ ಎತ್ತಿದಾಗ ಲಾಳಿ ಗೋಡೆಯಲ್ಲಿ, ಉಕ್ಕಿನ ಮೂತಿ ಮಣ್ಣು ಕಚ್ಚಿಕೊಂಡು ನಡುಗುತ್ತಿದೆ, ಬಾಲಕ್ಕೊಂದು ಬಿಳಿ ಎಳೆ. ಅಯ್ಯ, ಲಾಳಿಗಿ ರೆಕ್ಕಿ ಬಂದಾವಲ್ಲ, ಎಂದಳು ತಾರವ್ವ, ನಗಲು ನೋಡಿದಳು, ನಗು ಬರಲಿಲ್ಲ. ಸಂಜೆ ತಾನು ಸಾಹೇಬರ ಮುಂದೆ ಟೊಪ್ಪಿಗೆ ತೆಗೆದು, ಸರಳ ಬಿಚ್ಯಾರ್ರಿ ಸಾಹೇಬ್ರ, ಎಂದದ್ದಷ್ಟೇ, ಅವರು ತಲೆ ಎತ್ತದೆ, ನಾ ಬಿಚ್ಚು ಅಂದೇನೇನ? ಇಲ್ಲರಿ. ಮತ್ತ? ಲಾಳಿ ಹಾರೇತ್ರಿ. ಆಗ ನಕ್ಕರು, ಜಾಬರಗೂ ಒಂದ ಅರಿವಿ ಹೊಲಿಸಬೇಕೇನಪಾ. ಗುಮಾಸ್ತರೂ ನಕ್ಕರು. ತಾನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಈ ಕೆಲಸ ಹೋದರೆ ಸಾಹೇಬರ ಚಾಳಿನ ಮನೆಯೂ ಹೋಗುತ್ತದೆ, ಅದಿರಲಿ, ಇಡೀ ಇಚಲಕರಂಜಿ ನೋಡುವಂತೆ ತನ್ನ ಹೆಗಲಿಗೆ ಹೆಂಡತಿಯ ಸೆರಗು.

ಭೋಂಗಾ. ಬರುತ್ತಿದ್ದಾರೆ, ಎಂಜಿನ್ ಕೆಮ್ಮಿತು, ಮೇಲಿನ ಪಟ್ಟಾಗಳು ಜಗ್ಗಿದವು, ಕೈ ತಾನಾಗಿ ಅರಿವೆ ಕಟ್ಟಿ ಮುಗಿಸಿದೆ, ಯಾವಾಗ ಕಟ್ಟಿತು. ತಾರವ್ವ ಅದರ ಕಡೆ ನೋಡದೆ ಹೋಗಿ ತೂತಿನ ಮುಂದೆ ಕೂತಳು. ಆ ಕಡಿ ಕುಂದರಬೇ ತಂಗಿ, ಎಂದ. ಆ ಕಡಿ ಬೆಳಕಿಲ್ರಿ, ಎಳಿ ಕಾಣಂಗಿಲ್ಲ, ಎಂದಳು, ಮುಖ ಎತ್ತಲಿಲ್ಲ. ಲಗಮಣ್ಣ, ಸರಳ ಹಾಕೋ. ಲಗಮಣ್ಣ ಕೈ ಒರೆಸಿಕೊಂಡ, ಮೆತ್ತಗೆ ಅಂದ, ಹಾಕ್ತೇನ್ರಿ ಜಾಬರ, ಮೊದಲ ಅರಿವಿ ಬಿಚ್ಚರಿ. ಅಷ್ಟೇ, ಎಷ್ಟು ಸಣ್ಣ ಮಾತು, ಬಾಳಗೊಂಡನ ಬೆರಳು ಗಂಟಿಗೆ ಹೋಯಿತು, ಗಂಟು ಸಡಿಲಾಯಿತು, ಇನ್ನೊಂದು ಜಗ್ಗು — ಬಾಗಿಲಲ್ಲಿ ಬಿಳೀ ಧೋತರ, ಕೈಯಲ್ಲಿ ಬಸಿ, ಸಾಹೇಬರು, ನೋಡುತ್ತಾ. ಬೆರಳು ಗಂಟನ್ನು ಬಿಗಿ ಮಾಡಿತು. ತನ್ನದೇ ಬೆರಳು. ಲಗಮಣ್ಣ ನೋಡಿದ, ಹಿಡಿಕೆ ಎಳೆದ, ಮಗ್ಗ ಶುರುವಾಯಿತು, ಸರಳಿಲ್ಲದೆ.

ಬಾಳಗೊಂಡನ ಕಾಲುಗಳು ತಾವೇ ನಡೆದವು, ಬಾಗಿಲ ಕಡೆಗಲ್ಲ, ಗೋಡೆಯ ಕಡೆಗೆ, ಮಗ್ಗಕ್ಕೂ ತಾರವ್ವನಿಗೂ ನಡುವೆ ಹೋಗಿ ನಿಂತ, ಲಾಳಿಯ ದಾರಿಗೆ ಎದೆ ಕೊಟ್ಟು, ಬೆನ್ನ ಹಿಂದೆ ರಾಟೆಯ ಸದ್ದು, ಬೆಳಕಿಗೆ ಅಡ್ಡ ಆಗೇರಿ ಅಣ್ಣಾ, ಎನ್ನುತ್ತಿದ್ದಾಳೆ, ಸರಿ, ಆಗಲಿ, ಸಾಹೇಬರು ಏನೆಂದುಕೊಳ್ಳುತ್ತಾರೆ, ಮಗ್ಗ ತಪಾಸಣೆ ಎಂದುಕೊಳ್ಳಲಿ, ಸಂಜೆಯ ತನಕ ನಿಲ್ಲಬೇಕೆ, ನಾಳೆಯೂ, ಬಾಯಿಂದ ಒಂದು ಮಾತು ಹೊರಡುವುದಿಲ್ಲ, ಮೈ ಮಾತ್ರ ನಿಲ್ಲುತ್ತದೆ, ಲಾಳಿ ಎಡಕ್ಕೆ, ಬಲಕ್ಕೆ, ಎಡಕ್ಕೆ, ಒಂದು ಎಳೆ ಹರಿಯಿತೆ, ಇಲ್ಲ, ಹರಿಯಿತು, ಲಗಮಣ್ಣನ ಬೆರಳು ಓಡುತ್ತಿರುವ ಮಗ್ಗದೊಳಗೆ, ಬಲಕ್ಕೆ, ಎಡಕ್ಕೆ, ಉಕ್ಕಿನ ಮೂತಿ, ಬಾಲಕ್ಕೊಂದು ಬಿಳಿ ಎಳೆ, ಉಕ್ಕಿನ ಮೂತಿ