ಪರೀಕ್ಷೆಗೆ ಹಾಕಿದ ವರ

ಅಳಿಸಿದರೆ ಮುಗಿಯಿತು, ಒಂದು ಬೆರಳಿನ ಕೆಲಸ. ಬಸ್ಸು ಮೊಸಳೆಹೊಸಹಳ್ಳಿ ದಾಟಲಿ ಎಂದುಕೊಂಡ ಧರ್ಮೇಂದ್ರ. ದಾಟಿತು. ಬಸ್ಸಿನ ಕುಲುಕಾಟದಲ್ಲಿ ಬೇರೆ ಯಾರದೋ ವಿವರ ಅಳಿಸಿಹೋದರೆ ಎಂಬ ನೆಪ ಹುಟ್ಟಿತು. ನೆಪಗಳ ವಿಷಯದಲ್ಲಿ ಅವನು ಬಡವನಲ್ಲ.

ಕೆಲವು ವರ್ಷಗಳ ಹಿಂದೆ ಹೊಳೆನರಸೀಪುರದ ಶಶಿಕುಮಾರ್ ತಮ್ಮ ಜಾತಿಯ ವಧೂವರರಿಗೆಂದು ಅವನಿಂದ ಒಂದು ವೆಬ್‌ಸೈಟ್ ಮಾಡಿಸಿದ್ದರು. ಸೈಟನ್ನು ಇಡುವ ಹೋಸ್ಟಿಂಗ್ ಖಾತೆ ಯಾರ ಹೆಸರಿನಲ್ಲಿ ಎಂದು ಕೇಳಿದಾಗ, "ನಿಮ್ದೇ ಆಕ್ಬುಡಿ, ಅದೆಲ್ಲ ನಮ್ಗೆಲ್ಲಿ ತಿಳೀತದೆ" ಎಂದಿದ್ದರು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಅವನ ಗಿರಾಕಿಗಳೆಲ್ಲ ಹೇಳುವುದು ಇದನ್ನೇ. ಹೀಗಾಗಿ ತನ್ನದಲ್ಲದ ಜಾತಿಯ ಹುಡುಗಿಯರ ಫೋಟೋ, ಜಾತಕ ಎಲ್ಲವೂ ಅವನ ಖಾತೆಯಲ್ಲಿ, ಅವನ ಪಾಸ್‌ವರ್ಡಿನ ಕಾವಲಿನಲ್ಲಿ ಇದ್ದವು.

ನೋಂದಣಿ ಸರಿಯಾಗಿ ಆಗುತ್ತದೋ ಇಲ್ಲವೋ ನೋಡಲು ಅವನು ಮೊದಲಿಗೆ ಒಬ್ಬ ವರನನ್ನು ಹಾಕಿದ್ದ. ಇಂಥಲ್ಲಿ ಎಲ್ಲರೂ ಬಾಯಿಗೆ ಬಂದ ಹೆಸರು ಹಾಕುತ್ತಾರೆ. ಇವನು ತನ್ನದನ್ನೇ ಹಾಕಿದ. ತನ್ನ ಫೋಟೋ, ತಂದೆ ಗಂಗಯ್ಯ, ತಾಯಿ ಮಾದಮ್ಮ, ಓದು ಎಂ.ಸಿ.ಎ. ಜಾತಿಯ ಜಾಗದಲ್ಲಿ ಮಾತ್ರ ಆಯ್ಕೆ ಇರಲಿಲ್ಲ. ಬಂದವರೆಲ್ಲ ಒಂದೇ ಜನ ಎಂದು ಶಶಿಕುಮಾರರ ಜಾತಿಯೇ ಅಲ್ಲಿ ತಾನಾಗಿ ತುಂಬಿಕೊಂಡಿತು. ಅವನಿಗೆ ನಗು ಬಂತು. ಅಳಿಸಲಿಲ್ಲ. ಯಾರಿಗೂ ಕಾಣದಂತೆ ಮರೆಮಾಡಿಟ್ಟ, ಆಗಾಗ ಫೋಟೋ ಬದಲಿಸಿದ. ಆ ಧರ್ಮೇಂದ್ರನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವನ ಮೇಲೆ ಇವನಿಗೆ ಹೊಟ್ಟೆಕಿಚ್ಚೇ ಇತ್ತು.

ಇವತ್ತು ಎಲ್ಲವನ್ನೂ ಶಶಿಕುಮಾರರ ಹೆಂಡತಿ ನಿಸರ್ಗಳ ಹೆಸರಿಗೆ ವರ್ಗಾಯಿಸಬೇಕು. ಅಷ್ಟರೊಳಗೆ ಆ ವರ ಹೋಗಿರಬೇಕು. ಅವರ ಕಣ್ಣಿಗೆ ಬಿದ್ದರೆ ಇಷ್ಟು ವರ್ಷದ ನಂಬಿಕೆಗೆ ಅವರು ಬೇರೆಯೇ ಹೆಸರಿಡುತ್ತಾರೆ.

"ಬೇಜಾರ್ ಮಾಡ್ಕೋಬ್ಯಾಡಿ," ಎಂದರು ಶಶಿಕುಮಾರ್, ತಮ್ಮ ಮನೆಯ ಹಜಾರದಲ್ಲಿ ಕುರ್ಚಿ ಎಳೆದು ಕೊಡುತ್ತ. "ನಮ್ ಜಾತಿ ಸಂಘದೋರ್ದು ತಕರಾರು. ನಮ್ ಎಣ್ಮಕ್ಳ ಫೋಟೋ ಒರಗ್ನೋರ್ ಕೈಲಿ ಯಾಕೆ ಅಂತವ್ರೆ. ನಿಮ್ಗಲ್ಲ ಅಂದಿದ್ದು."

"ಗೊತ್ತು ಸಾ."

"ನೀವು ನಮ್ಮೋರೇ ಕಣ್ರೀ."

"ಗೊತ್ತು."

ಅವರು ಅವನ ಜಾತಿಯನ್ನು ಎಂದೂ ಕೇಳಿರಲಿಲ್ಲ. ಕೇಳದೆಯೇ ತಿಳಿದಿತ್ತೋ, ತಿಳಿಯುವುದು ಬೇಡವೆಂದೇ ಕೇಳಲಿಲ್ಲವೋ. ಫೋನು ಬಂದು ಅವರು ಅಂಗಳಕ್ಕೆ ಹೋದರು. ಧರ್ಮೇಂದ್ರ ಲ್ಯಾಪ್‌ಟಾಪ್ ತೆರೆದ. ವರನ ಹೆಸರಿನ ಮುಂದೆ 'ಅಳಿಸು' ಎಂದಿತ್ತು.

"ಕಾಪಿ ಕುಡಿಯಪ್ಪ." ಶಶಿಕುಮಾರರ ತಾಯಿ ಚಿಕ್ಕಲಕ್ಷ್ಮಮ್ಮ ಲೋಟ ಇಟ್ಟು ಎದುರಿಗೇ ಕುಳಿತರು. "ಯಾವೂರು?"

"ಹಾಸನ, ಅಜ್ಜಿ."

"ಆಸನದಾಗೆ ಯಾರ ಪೈಕಿ?"

"ವೆಬ್‌ಸೈಟ್ ಮಾಡ್ತೀನಿ."

"ಅದ್ ಸರಿ ಕಣಪ್ಪ. ಯಾರ ಪೈಕಿ ಅಂದೆ."

ಅವರ ಕಣ್ಣಲ್ಲಿ ಕೆಡುಕಿರಲಿಲ್ಲ, ಬರೀ ಕುತೂಹಲ. ಅದಕ್ಕೇ ತಡೆಯುವುದು ಕಷ್ಟ. ಕೆಲಸ ಮುಗಿದರೆ ಎದ್ದು ಹೋಗಬಹುದು ಎನ್ನುವುದೊಂದೇ ತಲೆಯಲ್ಲಿತ್ತು. ಪುಟ ಬದಲಿಸಿ ವರ್ಗಾವಣೆಯ ಗುಂಡಿ ಒತ್ತಿದ, ಬಂದ ಓಟಿಪಿ ತುಂಬಿದ. 'ನಿಮ್ಮ ಪ್ರವೇಶ ಕೊನೆಗೊಂಡಿದೆ' ಎಂದಿತು ತೆರೆ. ಆಗ ನೆನಪಾಯಿತು. ಅವನು ಹೊರಗಿದ್ದ, ವರ ಒಳಗೇ ಉಳಿದಿದ್ದ.

ನಿಸರ್ಗ ತನ್ನ ಲ್ಯಾಪ್‌ಟಾಪ್ ತಂದು ಲಾಗಿನ್ ಆದಳು. ಸೈಟು ನಡೆಸುವವರಿಗೆ ಮರೆಮಾಡಿದ್ದೂ ಕಾಣುತ್ತದೆ; ಎಲ್ಲರಿಗಿಂತ ಮೊದಲು ಸೇರಿದವನು ಮೇಲೆಯೇ ಇದ್ದ. ಅವಳು ಫೋಟೋ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಟೆಸ್ಟಿಂಗ್‌ಗೆ ಹಾಕಿದ್ದು. ತೆಗೆಯೋಕೆ ಮರ್ತೆ."

"ಫೋಟೋ ಹೊಸದಿದೆ."

ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಯಾಕೆಂದರೆ ಶಶಿಕುಮಾರ್ ಒಳಗೆ ಬಂದಿದ್ದರು.

"ಏನಂತೆ?"

"ಏನಿಲ್ಲ, ಎಲ್ಲಾ ಸರಿಯಾಗೈತೆ," ಎಂದು ನಿಸರ್ಗ ಲ್ಯಾಪ್‌ಟಾಪ್ ಮುಚ್ಚಿದಳು. ಅವನು ಏಳುವಾಗ ಅವನಿಗೆ ಮಾತ್ರ ಕೇಳುವಂತೆ, "ನಾನ್ ತೆಗೀತೀನಿ ಬಿಡಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಕನಿಕರ ತಡೆಯಲಾಗಲಿಲ್ಲ.

ಶಶಿಕುಮಾರ್ ಬಸ್ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟರು. "ಬತ್ತಾ ಇರಿ" ಎಂದರು. ಇನ್ನು ಬರಲು ಯಾವ ಕೆಲಸವೂ ಉಳಿದಿರಲಿಲ್ಲ.

ಬಸ್ಸು ಊರು ಬಿಟ್ಟ ಮೇಲೆ ಫೋನಿಗೆ ಸೈಟಿನಿಂದ ಸಂದೇಶ ಬಂತು. ಯಾರದೇ ವಿವರ ಅಳಿಸುವಾಗ ಸೈಟು ಕಾರಣ ಕೇಳುತ್ತದೆ. ಕಾರಣಗಳು ಎರಡೇ: ಮದುವೆ ನಿಶ್ಚಯವಾಗಿದೆ, ಅಥವಾ ವ್ಯಕ್ತಿ ತೀರಿಕೊಂಡಿದ್ದಾರೆ. ಮೂರನೆಯದೊಂದು ಇರಬಹುದೆಂದು ಅದನ್ನು ಮಾಡುವಾಗ ಧರ್ಮೇಂದ್ರನಿಗೆ ಹೊಳೆದಿರಲಿಲ್ಲ. ಎರಡರಲ್ಲಿ ಒಳ್ಳೆಯದನ್ನು ನಿಸರ್ಗ ಆರಿಸಿದ್ದಳು.

'ಚಿ. ರಾ. ಧರ್ಮೇಂದ್ರ ಹಾಗೂ ಚಿ. ಸೌ. ________ ಇವರ ಮದುವೆ ನಿಶ್ಚಯವಾದ ಸುದ್ದಿ ನಮ್ಮ ಸಮುದಾಯಕ್ಕೆಲ್ಲ ಸಂತೋಷ ತಂದಿದೆ.'

ಸೈಟು ತಾನಾಗಿ ಕಳಿಸುವ ಈ ಸಂದೇಶದ ಪ್ರತಿಯೊಂದು ಪದವೂ ಅವನೇ ಬರೆದದ್ದು. ಬಸ್ಸಿಗೆ ಜನ ಹತ್ತಿದರು, ಪಕ್ಕದಲ್ಲಿ ಯಾರೋ ಕುಳಿತರು. ತೆರೆ ಮಂಕಾದಾಗಲೆಲ್ಲ ಅವನು ಬೆರಳಿಟ್ಟು ಆ ಖಾಲಿ ಜಾಗವನ್ನು ಬೆಳಗಿಸಿಕೊಳ್ಳುತ್ತ ಕುಳಿತ.